ಹತ್ತಕ್ಕಿಂತ ಹೆಚ್ಚು, ನನಗಿಂತ ಹೆಚ್ಚು: ಸ್ಪ್ಯಾನಿಷ್‌ಗೆ ಒಂದೇ 'ಗಿಂತ' ಏಕೆ ಸಾಲದು?

ಪ್ರಶ್ನೆ: ಎಂಟು ತಿಂಗಳಿನಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. 'ನನ್ನ ಬಳಿ ಹತ್ತಕ್ಕಿಂತ ಹೆಚ್ಚು ಪುಸ್ತಕಗಳಿವೆ' ಎನ್ನಲು 'ತೆಂಗೊ ಮಾಸ್ ಕೆ ದಿಯೆಸ್ ಲಿಬ್ರೊಸ್' ಎಂದು ಬರೆದೆ. ಶಿಕ್ಷಕಿ 'ಕೆ'ಯನ್ನು ಹೊಡೆದುಹಾಕಿ 'ದೆ' ಎಂದು ತಿದ್ದಿದರು. ಸರಿ ಎಂದುಕೊಂಡು ಮರುವಾರ 'ನನ್ನ ಬಳಿ ಹತ್ತೇ ಪುಸ್ತಕಗಳಿವೆ' ಎನ್ನಲು 'ನೊ ತೆಂಗೊ ಮಾಸ್ ದೆ ದಿಯೆಸ್ ಲಿಬ್ರೊಸ್' ಎಂದು ಬರೆದರೆ, ಈ ಬಾರಿ 'ದೆ' ಹೊಡೆದು 'ಕೆ' ಹಾಕಿದರು. ಇದರ ಮೇಲೆ ಪಠ್ಯದಲ್ಲಿ 'ದೆ ಲೊ ಕೆ', 'ದೆ ಲೊಸ್ ಕೆ' ಎಂಬ ಜೋಡಿಗಳೂ ಕಾಣುತ್ತಿವೆ. 'ತಾನ್', 'ತಾಂತೊ' ಬೇರೆ ತಲೆ ತಿನ್ನುತ್ತಿವೆ. ಇದಕ್ಕೆಲ್ಲ ನಿಯಮ ಇದೆಯೋ, ಬಾಯಿಪಾಠವೇ ಗತಿಯೋ?

ಉತ್ತರ: ನಿಯಮ ಇದೆ. ನಿಮ್ಮ ಶಿಕ್ಷಕಿ ಎರಡು ಸಲವೂ ಸರಿಯಾಗಿಯೇ ತಿದ್ದಿದ್ದಾರೆ. ಆದರೆ ಎರಡು ತಿದ್ದುಪಡಿಗಳ ನಡುವಿನ ಕಾರಣವನ್ನು ಹೇಳಿದ್ದರೆ ನಿಮಗೆ ಇಷ್ಟು ಗೊಂದಲ ಆಗುತ್ತಿರಲಿಲ್ಲ.

ತೊಡಕು ಶುರುವಾಗುವುದು ಸ್ಪ್ಯಾನಿಷ್‌ನಲ್ಲಲ್ಲ, ಕನ್ನಡದಲ್ಲಿ. ನಮಗೆ ಹೋಲಿಕೆಗೆ ಇರುವುದು ಒಂದೇ ಉಪಕರಣ: 'ಗೆ' ವಿಭಕ್ತಿಯ ಬೆನ್ನಿಗೆ ಅಂಟುವ 'ಇಂತ'. ನನಗಿಂತ, ಹತ್ತಕ್ಕಿಂತ, ಹೇಳಿದ್ದಕ್ಕಿಂತ. ವ್ಯಕ್ತಿಯಾಗಲಿ, ಸಂಖ್ಯೆಯಾಗಲಿ, ಇಡೀ ವಾಕ್ಯವೇ ಆಗಲಿ, ಎಲ್ಲಕ್ಕೂ ಅದೇ ಸಾಕು. ಈ ಮೂರು ಪದಗಳನ್ನು ಸ್ಪ್ಯಾನಿಷ್ ಮೂರು ಬೇರೆ ಬೇರೆ ಬಾಗಿಲುಗಳಿಂದ ಒಳಕ್ಕೆ ಬಿಡುತ್ತದೆ: 'ಕೆ ಯೊ', 'ದೆ ದಿಯೆಸ್', 'ದೆ ಲೊ ಕೆ ದಿಹೊ'. ನೀವು ಕನ್ನಡದಲ್ಲಿ ಯೋಚಿಸಿ ಒಂದು 'ಗಿಂತ'ಕ್ಕೆ ಒಂದು ಪದ ಹುಡುಕಿದಿರಿ, ಸಿಕ್ಕಿದ್ದು 'ಕೆ'. ಎಲ್ಲರೂ ಮಾಡುವ ತಪ್ಪೇ ಅದು. ನಾನು ಕಲಿಯುವಾಗ ಒಂದು ವರ್ಷ ಪೂರ್ತಿ ಮಾಡಿದ್ದೇನೆ.

ಹಾಗಾಗಿ 'ಗಿಂತ' ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: 'ಗಿಂತ' ಅಂಟಿರುವ ಪದ ಸ್ಪರ್ಧೆಯಲ್ಲಿರುವ ಎದುರಾಳಿಯೋ, ಅಥವಾ ನೆಲಕ್ಕೆ ಹೂಳಿದ ಗಡಿಕಲ್ಲೋ? ಎದುರಾಳಿಯಾದರೆ 'ಕೆ'. ಗಡಿಕಲ್ಲಾದರೆ 'ದೆ'.

'ತೆಂಗೊ ಮಾಸ್ ಲಿಬ್ರೊಸ್ ಕೆ ತು', ಅಂದರೆ ನಿನಗಿಂತ ನನ್ನಲ್ಲಿ ಹೆಚ್ಚು ಪುಸ್ತಕಗಳಿವೆ. ಇಲ್ಲಿ ನೀನೂ ಇದ್ದೀಯ, ನಾನೂ ಇದ್ದೇನೆ. ನಿನ್ನ ಬಳಿಯೂ ಪುಸ್ತಕಗಳಿವೆ, ನನ್ನ ಬಳಿಯೂ ಇವೆ. ಎರಡು ರಾಶಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇವೆ. 'ಕೆ ತು' ಎಂಬುದು 'ನಿನ್ನ ಬಳಿ ಇರುವಷ್ಟು' ಎಂಬ ಪೂರ್ಣ ವಾಕ್ಯದ ತುಂಡು. 'ತೆಂಗೊ ಮಾಸ್ ದೆ ದಿಯೆಸ್ ಲಿಬ್ರೊಸ್' ಎಂದಾಗ ಹತ್ತು ಎಂಬುದು ಯಾರ ಎದುರಾಳಿಯೂ ಅಲ್ಲ. ಹತ್ತರ ಬಳಿ ಪುಸ್ತಕಗಳಿಲ್ಲ. ಅದು ಎಣಿಕೆಯ ದಾರಿಯಲ್ಲಿ ನಿಂತ ಕಲ್ಲು. ನನ್ನ ರಾಶಿ ಅದನ್ನು ದಾಟಿ ಹೋಗಿದೆ ಎಂದಷ್ಟೇ ಅರ್ಥ. ಹೀಗಾಗಿ 'ಮಾಸ್ ದೆ ಉನಾ ಒರಾ' (ಒಂದು ಗಂಟೆಗಿಂತ ಹೆಚ್ಚು), 'ಮಾಸ್ ದೆ ಲಾ ಮಿತಾದ್' (ಅರ್ಧಕ್ಕಿಂತ ಹೆಚ್ಚು), 'ಮೆನೊಸ್ ದೆ ಸಿಯೆನ್ ಪಾಹಿನಾಸ್' (ನೂರಕ್ಕಿಂತ ಕಡಿಮೆ ಪುಟಗಳು). ಸಂಖ್ಯೆಯೇ ಇರಬೇಕೆಂದಿಲ್ಲ, ಅಳತೆ ಎನಿಸಿಕೊಳ್ಳುವ ಯಾವುದಾದರೂ ಸರಿ: 'ಮಾಸ್ ದೆ ಲೊ ನೊರ್ಮಾಲ್' ಎಂದರೆ ಎಂದಿನ ಮಟ್ಟಕ್ಕಿಂತ ಹೆಚ್ಚು, 'ಮಾಸ್ ದೆ ಲಾ ಕ್ವೆಂತಾ' ಎಂದರೆ ಮಿತಿ ಮೀರಿ.

ಇಷ್ಟಕ್ಕೆ ನಿಲ್ಲಿಸಿ 'ಸಂಖ್ಯೆ ಕಂಡರೆ ದೆ' ಎಂದು ಹಲವು ಪಠ್ಯಗಳು ಕೈತೊಳೆದುಕೊಳ್ಳುತ್ತವೆ. ಅಲ್ಲೇ ನನಗೆ ತಕರಾರು. ಸ್ಪ್ಯಾನಿಷ್ ಆಡುವವರೆಲ್ಲ ಬಳಸುವ ಈ ಗಾದೆಯನ್ನು ನೋಡಿ: 'ಉನಾ ಇಮಾಹೆನ್ ಬಾಲೆ ಮಾಸ್ ಕೆ ಮಿಲ್ ಪಲಾಬ್ರಾಸ್', ಸಾವಿರ ಮಾತಿಗಿಂತ ಒಂದು ಚಿತ್ರಕ್ಕೆ ಬೆಲೆ ಹೆಚ್ಚು. 'ಮಿಲ್' ಎಂದರೆ ಸಾವಿರ, ಅಪ್ಪಟ ಸಂಖ್ಯೆ. ಆದರೂ 'ಕೆ'. ಏಕೆಂದರೆ ಇಲ್ಲಿ ಒಂದು ಕಡೆ ಚಿತ್ರ, ಇನ್ನೊಂದು ಕಡೆ ಸಾವಿರ ಮಾತುಗಳು, ಎರಡರ ನಡುವೆ ಬೆಲೆಯ ಪೈಪೋಟಿ. ಮಾತುಗಳು ಎದುರಾಳಿಗಳಾಗಿ ನಿಂತಿವೆ. ಅದೇ ರೀತಿ 'ಕೊಮೆ ಮಾಸ್ ಕೆ ತ್ರೆಸ್' ಎಂದರೆ ಮೂವರು ತಿನ್ನುವುದಕ್ಕಿಂತ ಹೆಚ್ಚು ತಿನ್ನುತ್ತಾನೆ. 'ಕೊಮೆ ಮಾಸ್ ದೆ ತ್ರೆಸ್' ಎಂದರೆ ಮೂರಕ್ಕಿಂತ ಹೆಚ್ಚು ತಿನ್ನುತ್ತಾನೆ, ಅದು ಹಣ್ಣೋ ಮತ್ತೇನೋ. ಒಂದೇ ಅಕ್ಷರದ ಪದ ಬದಲಾದದ್ದಕ್ಕೆ ಮೂವರು ಮನುಷ್ಯರು ಮೂರು ಹಣ್ಣುಗಳಾದರು. ಎದುರಾಳಿ, ಗಡಿಕಲ್ಲು ಎಂಬ ಪ್ರಶ್ನೆ ಮನಸ್ಸಿನಲ್ಲಿದ್ದರೆ ಇವು ಅಪವಾದಗಳಂತೆ ಕಾಣುವುದಿಲ್ಲ.

ಇನ್ನು ನಿಮ್ಮನ್ನು ಕಾಡಿದ 'ನೊ'ಗೆ ಬರೋಣ. 'ನೊ ತೆಂಗೊ ಮಾಸ್ ದೆ ದಿಯೆಸ್' ತಪ್ಪು ವಾಕ್ಯ ಅಲ್ಲವೇ ಅಲ್ಲ. ಅದರ ಅರ್ಥ 'ಹತ್ತಕ್ಕಿಂತ ಹೆಚ್ಚಿಲ್ಲ'. ಹತ್ತಿರಬಹುದು, ಎಂಟಿರಬಹುದು, ಆರೇ ಇರಬಹುದು; ಕಲ್ಲನ್ನು ದಾಟಿಲ್ಲ, ಅಷ್ಟೇ. ನೀವು ಹೇಳಹೊರಟದ್ದು 'ಹತ್ತೇ ಇವೆ' ಎಂದು. ಅದಕ್ಕೆ 'ನೊ ತೆಂಗೊ ಮಾಸ್ ಕೆ ದಿಯೆಸ್'. ಇಲ್ಲಿ 'ಮಾಸ್ ಕೆ' ಹೋಲಿಕೆಯ ಕೆಲಸ ಬಿಟ್ಟು 'ಬಿಟ್ಟರೆ ಬೇರೆ' ಎಂಬ ಕೆಲಸಕ್ಕೆ ಸೇರಿಕೊಂಡಿದೆ. ಹತ್ತು ಬಿಟ್ಟರೆ ಬೇರೆ ಇಲ್ಲ, ಅಂದರೆ ಹತ್ತೇ. ಸಂಖ್ಯೆ ಇಲ್ಲದ ಕಡೆಯಲ್ಲಿ ಇದು ಇನ್ನೂ ಸ್ಪಷ್ಟ: 'ನೊ ಆಗೊ ಮಾಸ್ ಕೆ ತ್ರಬಾಹಾರ್', ದುಡಿಯುವುದು ಬಿಟ್ಟರೆ ನಾನು ಇನ್ನೇನೂ ಮಾಡುತ್ತಿಲ್ಲ. ಈ ವಾಕ್ಯದಲ್ಲಿ 'ದೆ' ಹಾಕಲು ಜಾಗವೇ ಇಲ್ಲ.

ನಮ್ಮ ಭಾಷೆಯ 'ಏ' ಎಂಬ ಪುಟ್ಟ ಅವಧಾರಣೆಯನ್ನು ಇಲ್ಲಿ ಒರೆಗಲ್ಲಾಗಿ ಬಳಸಿ. ಕನ್ನಡದಲ್ಲಿ 'ಹತ್ತೇ', 'ದುಡಿಯುವುದೇ', 'ನೀನೇ' ಎನ್ನುವ ಜಾಗದಲ್ಲಿ ಸ್ಪ್ಯಾನಿಷ್ 'ನೊ… ಮಾಸ್ ಕೆ' ಎನ್ನಬಲ್ಲದು. 'ಹತ್ತಕ್ಕಿಂತ ಹೆಚ್ಚಿಲ್ಲ' ಎಂದು ಎಳೆದು ಹೇಳುವ ಜಾಗದಲ್ಲಿ 'ನೊ… ಮಾಸ್ ದೆ'. ಲ್ಯಾಟಿನ್ ಅಮೆರಿಕದ ಹಲವು ಕಡೆ, ಮೆಕ್ಸಿಕೊದಲ್ಲಂತೂ ಧಾರಾಳವಾಗಿ, 'ನೊಮಾಸ್' ಎಂಬ ಒಂದೇ ಪದ 'ಅಷ್ಟೇ, ಬರೀ' ಎಂಬ ಅರ್ಥದಲ್ಲಿ ಕಿವಿಗೆ ಬೀಳುತ್ತದೆ. ಅದೂ ಇದೇ ಮನೆತನದ್ದು.

ಈಗ 'ದೆ ಲೊ ಕೆ'. ಕೇಳಲು ಕಗ್ಗಂಟು, ಆದರೆ ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಸುಲಭವಾಗಿ ಒಗ್ಗಬೇಕಾದ ಭಾಗ. 'ಅವನು ಹೇಳುವುದಕ್ಕಿಂತ ಹೆಚ್ಚು ದುಡಿಯುತ್ತಾನೆ' ಎನ್ನುವಾಗ ನಾವೇನು ಮಾಡುತ್ತೇವೆ? 'ಹೇಳುತ್ತಾನೆ' ಎಂಬ ಕ್ರಿಯೆಯನ್ನು 'ಹೇಳುವುದು' ಎಂಬ ನಾಮಪದವಾಗಿ ತಿರುಗಿಸಿ, ಅದಕ್ಕೆ 'ಗಿಂತ' ಹಚ್ಚುತ್ತೇವೆ. ಸ್ಪ್ಯಾನಿಷ್ ಮಾಡುವುದೂ ಅದನ್ನೇ. 'ದಿಸೆ' ಎಂದರೆ ಹೇಳುತ್ತಾನೆ. 'ಲೊ ಕೆ ದಿಸೆ' ಎಂದರೆ ಹೇಳುವುದು. ಹಾಗೆ ನಾಮಪದವಾದ ಕೂಡಲೇ ಅದೊಂದು ಅಳತೆ, ಒಂದು ಗಡಿಕಲ್ಲು. ಕಲ್ಲಿಗೆ 'ದೆ'. ಹಾಗಾಗಿ 'ತ್ರಬಾಹಾ ಮಾಸ್ ದೆ ಲೊ ಕೆ ದಿಸೆ'. ಇಲ್ಲಿ 'ಲೊ' ನಮ್ಮ 'ಉದು' ಪ್ರತ್ಯಯದ ಸ್ಥಾನದಲ್ಲಿ ಕೂತಿದೆ. 'ಎಸ್ ಮಾಸ್ ದಿಫಿಸಿಲ್ ದೆ ಲೊ ಕೆ ಪರೆಸೆ', ಕಾಣುವುದಕ್ಕಿಂತ ಕಷ್ಟ. ಇದರಲ್ಲಿ ಒಂದಕ್ಕೊಂದು ಬೆಸೆದ ಹಾಗೆ ಹೊಂದಿಕೆ ಇದೆ. ಇದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಸ್ಪ್ಯಾನಿಷ್ ಸ್ವಲ್ಪ ಹತ್ತಿರದ ನೆಂಟನಂತೆ ಕಂಡಿತ್ತು.

ಆ ನೆಂಟಸ್ತಿಕೆ ನಾಮಪದ ಬಂದಾಗ ಸ್ವಲ್ಪ ದೂರವಾಗುತ್ತದೆ. ಕನ್ನಡದ 'ಉದು' ಏಕಲಿಂಗಿ, ಏಕವಚನಿ. ಪುಸ್ತಕಗಳನ್ನು ಹೋಲಿಸಿದರೂ ನೀರನ್ನು ಹೋಲಿಸಿದರೂ 'ಬೇಕಾದುದಕ್ಕಿಂತ' ಎನ್ನುತ್ತೇವೆ. ಸ್ಪ್ಯಾನಿಷ್‌ಗೆ ಅದು ಸಾಲದು. ಯಾವ ವಸ್ತುವಿನ ಪ್ರಮಾಣವನ್ನು ಹೋಲಿಸುತ್ತಿದ್ದೇವೋ ಅದರ ಲಿಂಗ, ವಚನಗಳನ್ನು 'ಲೊ' ತೊಟ್ಟುಕೊಳ್ಳಬೇಕು. ಹಣ ಪುಲ್ಲಿಂಗ ಏಕವಚನ: 'ಗಸ್ತೊ ಮಾಸ್ ದಿನೆರೊ ದೆಲ್ ಕೆ ತೆನಿಯಾ', ಇದ್ದುದಕ್ಕಿಂತ ಹೆಚ್ಚು ಹಣ ಖರ್ಚು ಮಾಡಿದ. ('ದೆ' ಮತ್ತು 'ಎಲ್' ಕೂಡಿ 'ದೆಲ್' ಆಗಿದೆ.) ನೀರು ಸ್ತ್ರೀಲಿಂಗ: 'ಬೆಬಿಯೊ ಮಾಸ್ ಆಗ್ವಾ ದೆ ಲಾ ಕೆ ನೆಸೆಸಿತಾಬಾ'. ಪುಸ್ತಕಗಳು ಪುಲ್ಲಿಂಗ ಬಹುವಚನ: 'ಕೊಂಪ್ರಾ ಮಾಸ್ ಲಿಬ್ರೊಸ್ ದೆ ಲೊಸ್ ಕೆ ಪ್ವೆದೆ ಲೆಯೆರ್', ಓದಲಾಗುವುದಕ್ಕಿಂತ ಹೆಚ್ಚು ಪುಸ್ತಕ ಕೊಳ್ಳುತ್ತಾನೆ. (ನನ್ನ ಮನೆಯವರು ಈ ಉದಾಹರಣೆಯನ್ನು ಓದಿದರೆ ಹೆಸರು ಹಾಕಲೇಬೇಕಿತ್ತು ಎನ್ನುತ್ತಾರೆ.) ಗಂಟೆಗಳು ಸ್ತ್ರೀಲಿಂಗ ಬಹುವಚನ: 'ತ್ರಬಾಹಾ ಮಾಸ್ ಒರಾಸ್ ದೆ ಲಾಸ್ ಕೆ ದಿಸೆ'. ಹೋಲಿಸುವ ವಸ್ತುವಿಗೆ ಹೆಸರಿಲ್ಲದೆ ಕ್ರಿಯೆಯನ್ನೋ ಗುಣವನ್ನೋ ಹೋಲಿಸಿದರೆ ಮಾತ್ರ 'ಲೊ' ಹಾಗೆಯೇ ಉಳಿಯುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಬಲೆ. 'ಆಗ್ವಾ' ಸ್ತ್ರೀಲಿಂಗವಾದರೂ ಉಚ್ಚಾರಣೆಯ ಅನುಕೂಲಕ್ಕೆ 'ಎಲ್ ಆಗ್ವಾ' ಎನ್ನುತ್ತಾರೆ. ಅದನ್ನು ನೋಡಿ ಕಲಿಯುವವರು 'ತಾಂತೊ ಆಗ್ವಾ' (ಅಷ್ಟು ನೀರು), 'ಮುಚೊ ಆಗ್ವಾ' (ತುಂಬಾ ನೀರು) ಎಂದು ಬರೆಯುತ್ತಾರೆ. 'ಎಲ್' ಬರೀ ತೋರಿಕೆ. ಇಂಥ ಪ್ರಮಾಣಸೂಚಕಗಳು ಸ್ತ್ರೀಲಿಂಗದಲ್ಲೇ ಬರುತ್ತವೆ: 'ತಾಂತಾ ಆಗ್ವಾ', 'ಮುಚಾ ಆಗ್ವಾ'.

'ಕೆ' ಪಕ್ಷಕ್ಕೆ ಸೇರಿದ ಒಂದು ಸೂಕ್ಷ್ಮವನ್ನು ಬಿಡಲಾರೆ, ಏಕೆಂದರೆ ಇಲ್ಲಿ ಸ್ಪ್ಯಾನಿಷ್ ನಮಗಿಂತ ಜಾಣ. 'ಅವಳು ನಿನ್ನನ್ನು ನನಗಿಂತ ಹೆಚ್ಚು ಪ್ರೀತಿಸುತ್ತಾಳೆ.' ಈ ಕನ್ನಡ ವಾಕ್ಯಕ್ಕೆ ಎರಡು ಅರ್ಥ. ನಾನು ನಿನ್ನನ್ನು ಪ್ರೀತಿಸುವುದಕ್ಕಿಂತ ಅವಳು ಹೆಚ್ಚು ಪ್ರೀತಿಸುತ್ತಾಳೋ, ಅಥವಾ ಅವಳು ನನ್ನನ್ನು ಪ್ರೀತಿಸುವುದಕ್ಕಿಂತ ನಿನ್ನನ್ನು ಹೆಚ್ಚು ಪ್ರೀತಿಸುತ್ತಾಳೋ? ಎರಡನೆಯದಾದರೆ ನನ್ನ ಪಾಲಿಗೆ ಗಂಭೀರ ವಿಷಯ. ಸ್ಪ್ಯಾನಿಷ್‌ನಲ್ಲಿ ಗೊಂದಲವೇ ಇಲ್ಲ. ಮೊದಲನೆಯದು 'ತೆ ಕಿಯೆರೆ ಮಾಸ್ ಕೆ ಯೊ', ಎರಡನೆಯದು 'ತೆ ಕಿಯೆರೆ ಮಾಸ್ ಕೆ ಆ ಮಿ'. 'ಕೆ' ನಂತರ ಬರುವುದು ವಾಕ್ಯದ ತುಂಡು ಎಂದೆನಲ್ಲ, ಆ ತುಂಡಿನಲ್ಲಿ ನಾನು ಕರ್ತೃವೋ ಕರ್ಮವೋ ಎಂಬುದನ್ನು ರೂಪವೇ ಹೇಳುತ್ತದೆ. 'ಮಾಸ್ ಕೆ ಮಿ' ಎಂದು ಮಾತ್ರ ಎಂದೂ ಬರೆಯಬೇಡಿ.

'ಕೆ' ನಂತರ ನಿಷೇಧ ಪದಗಳು ಬರುವುದನ್ನೂ ಗಮನಿಸಿ. 'ಎಲ್ಲರಿಗಿಂತ ಹೆಚ್ಚು' ಎಂದು ನಾವು ಎಲ್ಲರನ್ನೂ ಕರೆದರೆ, ಸ್ಪ್ಯಾನಿಷ್ 'ಮಾಸ್ ಕೆ ನಾದಿಯೆ' ಎಂದು 'ಯಾರೂ ಇಲ್ಲ' ಎಂಬ ಪದವನ್ನು ಕರೆಯುತ್ತದೆ. 'ಎಂದಿಗಿಂತಲೂ ಹೆಚ್ಚು' ಎನ್ನಲು 'ಮಾಸ್ ಕೆ ನುಂಕಾ'. 'ನುಂಕಾ' ಎಂದರೆ 'ಎಂದೂ ಇಲ್ಲ'.

ಸಮಾನತೆಗೆ ಬಂದರೆ ಕೆಲಸ ಹಗುರ. ನಮ್ಮ 'ಅಷ್ಟು'ವಿನ ಜಾಗದಲ್ಲಿ 'ತಾಂತೊ', 'ನಿನ್ನಷ್ಟು' ಎಂಬಲ್ಲಿನ ಹೋಲಿಕೆಯ ಕೊಂಡಿಗೆ 'ಕೊಮೊ'. ನಾಮಪದದ ಮುಂದೆ ಬಂದಾಗ ಅದರ ಲಿಂಗ, ವಚನಕ್ಕೆ ತಕ್ಕಂತೆ 'ತಾಂತೊ ದಿನೆರೊ', 'ತಾಂತಾ ಆಗ್ವಾ', 'ತಾಂತೊಸ್ ಲಿಬ್ರೊಸ್', 'ತಾಂತಾಸ್ ಒರಾಸ್' ಎಂದು ಬದಲಾಗುತ್ತದೆ. ಕ್ರಿಯಾಪದದ ಜೊತೆ ಬದಲಾಗದೆ 'ತಾಂತೊ' ಆಗಿಯೇ ಇರುತ್ತದೆ: 'ಲೆಯೆ ತಾಂತೊ ಕೊಮೊ ತು', ನಿನ್ನಷ್ಟೇ ಓದುತ್ತಾನೆ. ಗುಣವಾಚಕ ಅಥವಾ ಕ್ರಿಯಾವಿಶೇಷಣದ ಮುಂದೆ ಬಾಲ ಕತ್ತರಿಸಿಕೊಂಡು 'ತಾನ್' ಆಗುತ್ತದೆ: 'ತಾನ್ ಗ್ರಾಂದೆ ಕೊಮೊ', ಅಷ್ಟು ದೊಡ್ಡದು. ಅಂದರೆ 'ತಾನ್' ಮತ್ತು 'ತಾಂತೊ' ಎರಡು ಪದಗಳಲ್ಲ, ಒಂದೇ ಪದದ ಎರಡು ಅಳತೆ. ನಿಮ್ಮ ತಲೆನೋವಿಗೆ ಇಷ್ಟೇ ಔಷಧ.

ಆದರೆ 'ತಾಂತೊ' ನಂತರ 'ಕೊಮೊ' ಬದಲು ಅಪ್ಪಿತಪ್ಪಿ 'ಕೆ' ಹಾಕಿದರೆ ವಾಕ್ಯ ಕೆಡುವುದಿಲ್ಲ, ಅರ್ಥ ಬೇರೆಯಾಗುತ್ತದೆ, ಅದಕ್ಕೇ ಅಪಾಯ. 'ಕೊಮಿಯೊ ತಾಂತೊ ಕೆ ಎನ್ಫೆರ್ಮೊ' ಎಂದರೆ 'ಕಾಯಿಲೆ ಬೀಳುವಷ್ಟು ತಿಂದ'. ಹೋಲಿಕೆ ಹೋಗಿ ಪರಿಣಾಮ ಬಂತು. ಕನ್ನಡದ 'ಅಷ್ಟು' ಎರಡೂ ಕೆಲಸ ಮಾಡುವುದರಿಂದ ನಮಗೆ ಈ ಎಡವಟ್ಟು ಗೊತ್ತಾಗುವುದೇ ಇಲ್ಲ.

'ಎಷ್ಟು… ಅಷ್ಟು' ಎಂಬ ನಮ್ಮ ಜೋಡಿಗೂ ಅಲ್ಲಿ ಸಂಗಾತಿ ಇದೆ: 'ಕ್ವಾಂತೊ ಮಾಸ್… ಮಾಸ್'. 'ಕ್ವಾಂತೊಸ್ ಮಾಸ್ ಲಿಬ್ರೊಸ್ ಲೆಯೊ, ಮಾಸ್ ದುದಾಸ್ ತೆಂಗೊ', ಎಷ್ಟು ಹೆಚ್ಚು ಪುಸ್ತಕ ಓದುತ್ತೇನೋ ಅಷ್ಟು ಹೆಚ್ಚು ಅನುಮಾನ. 'ಕ್ವಾಂತೊ' ಕೂಡ ನಾಮಪದಕ್ಕೆ ತಕ್ಕಂತೆ ಬದಲಾಗುತ್ತದೆ, ಕ್ರಿಯೆಯ ಜೊತೆ ಬದಲಾಗದು. ಲ್ಯಾಟಿನ್ ಅಮೆರಿಕದಲ್ಲಿ ಇದರ ಬದಲು 'ಮಿಯೆಂತ್ರಾಸ್ ಮಾಸ್' ಎನ್ನುವವರು ಬಹಳ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಸ್ಪೇನ್‌ನ ಬೀದಿಗಳಲ್ಲಿ 'ಕೊಂತ್ರಾ ಮಾಸ್' ಎಂಬುದೂ ಕೇಳುತ್ತದೆ. ಅದನ್ನು ಮ್ಯಾಡ್ರಿಡ್‌ನ ಭಾಷಾ ಅಕಾಡೆಮಿ ಒಪ್ಪುವುದಿಲ್ಲ. ಕೇಳಿ ಅರ್ಥ ಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ.

ನೀವು ಕೇಳದಿದ್ದರೂ ಮುಂದಿನ ವಾರ ಖಂಡಿತ ಕೆಂಪು ಗೆರೆ ತಿನ್ನಲಿರುವ ಒಂದು ಜಾಗವಿದೆ. 'ತುಂಬಾ ಹೆಚ್ಚು ಪುಸ್ತಕಗಳು' ಎನ್ನಲು ಎಲ್ಲರೂ 'ಮುಚೊ ಮಾಸ್ ಲಿಬ್ರೊಸ್' ಎನ್ನುತ್ತಾರೆ. ಸರಿಯಾದದ್ದು 'ಮುಚೊಸ್ ಮಾಸ್ ಲಿಬ್ರೊಸ್'. 'ಮುಚಾ ಮಾಸ್ ಆಗ್ವಾ', 'ಮುಚಾಸ್ ಮೆನೊಸ್ ದುದಾಸ್'. 'ಮಾಸ್' ತಾನು ಬದಲಾಗದ ಪದವಾದರೂ ತನ್ನ ಹಿಂದಿನ 'ಮುಚೊ' ಮತ್ತು ಮುಂದಿನ ನಾಮಪದದ ನಡುವಿನ ಸಂಬಂಧಕ್ಕೆ ಅಡ್ಡ ಬರುವುದಿಲ್ಲ. ನಾಮಪದದ ಜಾಗದಲ್ಲಿ ಗುಣವಾಚಕ ಬಂದರೆ ಮಾತ್ರ 'ಮುಚೊ' ಸ್ಥಿರ: 'ಮುಚೊ ಮಾಸ್ ಗ್ರಾಂದೆಸ್'.

ಎಷ್ಟು ಹೆಚ್ಚು ಎಂದು ನಿಖರವಾಗಿ ಹೇಳಬೇಕಾದಾಗ ಸಂಖ್ಯೆ ಮೊದಲು, 'ಮಾಸ್' ಕೊನೆಗೆ. 'ತೆಂಗೊ ದೊಸ್ ಲಿಬ್ರೊಸ್ ಮಾಸ್ ಕೆ ತು', ನಿನಗಿಂತ ಎರಡು ಪುಸ್ತಕ ಹೆಚ್ಚು. ಸಂಖ್ಯೆ ಇದ್ದರೂ 'ಕೆ' ಎಂಬುದನ್ನು ನೋಡಿ. 'ದೊಸ್' ಇಲ್ಲಿ ಗಡಿಕಲ್ಲಲ್ಲ, ಇಬ್ಬರ ನಡುವಿನ ಅಂತರ. ಎರಡು ಪಟ್ಟಿಗೆ 'ಎಲ್ ದೊಬ್ಲೆ ದೆ ಲಿಬ್ರೊಸ್ ಕೆ ತು', ಅರ್ಧಕ್ಕೆ 'ಲಾ ಮಿತಾದ್ ದೆ ದಿನೆರೊ ಕೆ ತು'. ಒಂದೇ ವಾಕ್ಯದಲ್ಲಿ 'ದೆ' ಅಳತೆಯ ವಸ್ತುವನ್ನೂ 'ಕೆ' ಎದುರಾಳಿಯನ್ನೂ ಹಿಡಿದು ನಿಂತಿವೆ. 'ತ್ರೆಸ್ ಬೆಸೆಸ್ ಮಾಸ್' ಎಂಬುದು ಮೂರು ಪಟ್ಟೋ, ಮೂರು ಪಟ್ಟು ಹೆಚ್ಚಾಗಿ ಒಟ್ಟು ನಾಲ್ಕು ಪಟ್ಟೋ ಎಂದು ಸ್ಪ್ಯಾನಿಷ್‌ನವರೂ ವಾದ ಮಾಡುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಮೂರು ಪಟ್ಟು ಎಂದೇ ಅರ್ಥ, ಆದರೂ ಲೆಕ್ಕ ಮುಖ್ಯವಾದಲ್ಲಿ 'ಎಲ್ ತ್ರಿಪ್ಲೆ' ಎಂದು ಬರೆದು ಜಗಳದಿಂದ ದೂರವಿರಿ.

'ಅತಿ ಹೆಚ್ಚು ಪುಸ್ತಕಗಳು' ಎನ್ನಲು 'ಲೊಸ್ ಮಾಸ್ ಲಿಬ್ರೊಸ್' ಎಂದು ಕಟ್ಟಲು ಹೋಗಬೇಡಿ, ಸ್ಪ್ಯಾನಿಷ್ ಆ ದಾರಿ ಹಿಡಿಯುವುದಿಲ್ಲ. ಅದು ಹಿಡಿಯುವ ದಾರಿ ನಮ್ಮದೇ: 'ಅತಿ ಹೆಚ್ಚು ಪುಸ್ತಕಗಳಿರುವವಳು', 'ಲಾ ಕೆ ಮಾಸ್ ಲಿಬ್ರೊಸ್ ತಿಯೆನೆ'. ಬಹುತೇಕ ಪುಸ್ತಕಗಳು ಎನ್ನಬೇಕಾದರೆ 'ಲಾ ಮಾಯೊರಿಯಾ ದೆ ಲೊಸ್ ಲಿಬ್ರೊಸ್'.

ಈ 'ದೆ' ಮತ್ತು 'ಕೆ' ಎಲ್ಲಿಂದ ಬಂದವು ಎಂಬ ಕುತೂಹಲ ನಿಮಗಿದ್ದರೆ: ಲ್ಯಾಟಿನ್‌ನಲ್ಲೇ ಹೋಲಿಕೆಗೆ ಎರಡು ದಾರಿಗಳಿದ್ದವು. ಒಂದು 'ಕ್ವಾಮ್' ಎಂಬ ಪದ, ಇನ್ನೊಂದು ನಮ್ಮ ಪಂಚಮಿಯಂಥ ಒಂದು ವಿಭಕ್ತಿ. ವಿಭಕ್ತಿಗಳು ಸವೆದುಹೋದಾಗ ಆ ಎರಡನೆಯ ದಾರಿಯ ಕೆಲಸ 'ದೆ'ಗೆ ಬಂತು. ಫ್ರೆಂಚ್ ಕೂಡ ಸಂಖ್ಯೆಯ ಮುಂದೆ 'ದ', ಉಳಿದೆಡೆ 'ಕ' ಎಂದು ಇದೇ ವಿಭಜನೆ ಮಾಡುತ್ತದೆ. 'ಹೆಚ್ಚು' ಎಂಬುದಕ್ಕೆ ಮಾತ್ರ ಇವು ಬೇರೆ ಬೇರೆ ಮೂಲ ಆರಿಸಿಕೊಂಡವು: ಫ್ರೆಂಚ್, ಇಟಾಲಿಯನ್ ಭಾಷೆಗಳು ಲ್ಯಾಟಿನ್‌ನ 'ಪ್ಲೂಸ್' ಹಿಡಿದರೆ, ಸ್ಪ್ಯಾನಿಷ್, ಪೋರ್ಚುಗೀಸ್, ರುಮೇನಿಯನ್ ಭಾಷೆಗಳು 'ಮಾಗಿಸ್' ಹಿಡಿದವು, ಅದೇ ಸವೆದು 'ಮಾಸ್' ಆಯಿತು. ಬರೆಯುವಾಗ ಅದರ ಮೇಲಿನ ಓರೆಗೀಟನ್ನು ಮರೆಯಬೇಡಿ. ಗೀಟಿಲ್ಲದ 'ಮಾಸ್' ಎಂದರೆ 'ಆದರೆ' ಎಂದು ಅರ್ಥ.

ಮುಂದಿನ ಪಾಠಕ್ಕೆ ಹೋಗುವ ಮೊದಲು ಈ ಮೂರನ್ನು ನೀವೇ ಸ್ಪ್ಯಾನಿಷ್‌ಗೆ ತನ್ನಿ: 'ನನ್ನ ಬಳಿ ಒಂದೇ ಪುಸ್ತಕ ಇದೆ', 'ನೀನು ಓದುವುದಕ್ಕಿಂತ ಹೆಚ್ಚು ಪುಸ್ತಕಗಳು ನನ್ನಲ್ಲಿವೆ', 'ನೀನು ನನಗಿಂತ ಹೆಚ್ಚು ಓದುತ್ತೀಯ'. ಮೊದಲನೆಯದರಲ್ಲಿ 'ನೊ… ಮಾಸ್ ಕೆ', ಎರಡನೆಯದರಲ್ಲಿ 'ದೆ ಲೊಸ್ ಕೆ', ಮೂರನೆಯದರಲ್ಲಿ 'ಕೆ ಯೊ' ತಾನಾಗಿ ಬಂದರೆ ಶಿಕ್ಷಕಿಯ ಕೆಂಪು ಪೆನ್ನಿಗೆ ಆ ವಾರ ರಜೆ.